ಬೀಗ ಒಡೆಯಲು ಕಂಪ್ಯೂಟರ್ ಕೊಟ್ಟವರಿಗೆ ಪಾಲೆಷ್ಟು?

ಹೋದ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ. 1990ರ ದಶಕದ ಕೊನೆಯಲ್ಲಿ ಸಾವಿರಾರು ಜನ ತಮ್ಮ ಮನೆಯ ಕಂಪ್ಯೂಟರನ್ನು ಬಿಡುವಿನ ಹೊತ್ತಿಗೆ ಎರವಲು ಕೊಟ್ಟು, ಎಲ್ಲ ಸೇರಿ ಎನ್‌ಕ್ರಿಪ್ಶನ್ (ಸಂದೇಶವನ್ನು ಬೇರೆಯವರಿಗೆ ಓದಲಾಗದಂತೆ ಮಾಡುವ ಗೂಢಲಿಪಿಯ ಬೀಗ) ಒಡೆದರು, ಅದಕ್ಕೆ ಬಹುಮಾನವೂ ಇತ್ತು ಅಂತ. ಅಷ್ಟಕ್ಕೇ ಕಾರವಾರದಿಂದ ಶಿರಸಿಯವರೆಗೆ ಪತ್ರಗಳು ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ.

ಪ್ರಶ್ನೆ: ಬಹುಮಾನ 10,000 ಡಾಲರ್ ಅಂತ ಬರೆದಿದ್ರಿ. ಕೊನೆಗೆ ಅದು ಯಾರ ಕೈಗೆ ಹೋಯ್ತು? ಸರಿಯಾದ ಕೀಲಿಕೈ ಯಾರ ಕಂಪ್ಯೂಟರಿಗೆ ಸಿಕ್ಕಿತೋ ಅವರಿಗಾ, ಅಥವಾ ಎಲ್ಲರಿಗೂ ಹಂಚಿದ್ರಾ? ನಾವು ನಾಲ್ಕು ಜನ ಗೆಳೆಯರಲ್ಲಿ ಇದೇ ವಿಷಯಕ್ಕೆ ಜಗಳ ಆಗಿದೆ.
– ಇಂಜಿನಿಯರಿಂಗ್ ವಿದ್ಯಾರ್ಥಿ, ಶಿರಸಿ

ಉತ್ತರ: ಜಗಳ ಆಗಬೇಕಾದ ವಿಷಯವೇ ಅದು. ಆಗಿನವರೂ ಇದಕ್ಕೇ ತಲೆ ಕೆಡಿಸಿಕೊಂಡಿದ್ದರು. ಒಂದೊಂದು ಗುಂಪು ಒಂದೊಂದು ಉತ್ತರ ಕಂಡುಕೊಂಡಿತು.

ಮೊದಲು ಕೆಲಸ ಹೇಗಿತ್ತು ನೋಡಿ. ಡಿಇಎಸ್ ಅಂತ ಒಂದು ಬೀಗ. 1977ರಿಂದ ಅಮೆರಿಕ ಸರ್ಕಾರ ಒಪ್ಪಿಕೊಂಡಿದ್ದ ಬೀಗ, ಬ್ಯಾಂಕುಗಳೂ ಅದನ್ನೇ ನಂಬಿದ್ದವು. ಅದರ ಕೀಲಿಕೈ 56 ಬಿಟ್ ಉದ್ದ, ಸಾಲಾಗಿ 56 ಸೊನ್ನೆ-ಒಂದುಗಳು. ಅಂದರೆ 2ರ 56ನೇ ಘಾತದಷ್ಟು ಬೇರೆ ಬೇರೆ ಕೀಲಿಕೈ ಇರಬಹುದು, ನಮ್ಮ ಲೆಕ್ಕದಲ್ಲಿ ಸುಮಾರು 720 ಕೋಟಿ ಕೋಟಿ. ಒಂದೊಂದನ್ನೇ ಹಾಕಿ ನೋಡುವುದು ಬಿಟ್ಟು ಬೇರೆ ಸುಲಭದ ದಾರಿ ಇರಲಿಲ್ಲ. ಒಂದು ಕಂಪ್ಯೂಟರಿಗೆ ಅದು ಆಗುವ ಕೆಲಸ ಅಲ್ಲ. ಆದರೆ ಈ ಕೆಲಸಕ್ಕೆ ಒಂದು ಒಳ್ಳೆಯ ಗುಣ ಇದೆ. ಅದನ್ನು ಎಷ್ಟು ತುಂಡು ಬೇಕಾದರೂ ಮಾಡಬಹುದು. ಕೀಲಿಕೈಗಳ ಈ ಕಟ್ಟು ನೀನು ನೋಡು, ಆ ಕಟ್ಟು ಅವನು ನೋಡಲಿ ಅಂತ ಹಂಚಿದರೆ ಆಯ್ತು, ಒಬ್ಬರು ಇನ್ನೊಬ್ಬರಿಗೆ ಕಾಯಬೇಕಾಗಿಲ್ಲ.

1997ರ ಜನವರಿಯಲ್ಲಿ ಆರ್‌ಎಸ್‌ಎ ಡೇಟಾ ಸೆಕ್ಯುರಿಟಿ ಎಂಬ ಕಂಪನಿ ಡಿಇಎಸ್ ಬೀಗ ಹಾಕಿದ ಒಂದು ಸಂದೇಶ ಮುಂದಿಟ್ಟು, ತೆರೆದವರಿಗೆ 10,000 ಡಾಲರ್ ಅಂದಿತು. ರಾಕ್ ವರ್ಸರ್ ಎಂಬ ಪ್ರೋಗ್ರಾಮರ್ ಡೆಸ್‌ಚಾಲ್ ಅಂತ ಗುಂಪು ಕಟ್ಟಿದರು. ಅದೇ ವರ್ಷ ಜೂನ್ 17ಕ್ಕೆ ಬೀಗ ತೆರೆಯಿತು. ಇರುವ ಕೀಲಿಕೈಗಳಲ್ಲಿ ಕಾಲು ಭಾಗದಷ್ಟನ್ನು ನೋಡುವುದರೊಳಗೇ ಸರಿಯಾದದ್ದು ಸಿಕ್ಕಿಬಿಟ್ಟಿತ್ತು. ಸಿಕ್ಕಿದ್ದು ಯಾವ ದೊಡ್ಡ ಯಂತ್ರದಲ್ಲೂ ಅಲ್ಲ, ಸಾಲ್ಟ್ ಲೇಕ್ ಸಿಟಿಯ ಒಬ್ಬರ 90 ಮೆಗಾಹರ್ಟ್ಸ್ ಪೆಂಟಿಯಮ್‌ನಲ್ಲಿ, 16 ಎಂಬಿ ಮೆಮೊರಿ. ಅವರಿಗೆ 4,000 ಡಾಲರ್ ಕೊಟ್ಟರು, ಗುಂಪು ಕಟ್ಟಿದ ವರ್ಸರ್‌ಗೆ 6,000. ಉಳಿದ ಸಾವಿರಾರು ಜನರಿಗೆ ಹಣ ಅಂತ ಏನೂ ಇಲ್ಲ. ಇದು ಒಂದು ರೀತಿಯ ಹಂಚಿಕೆ. ಮೊದಲೇ ಹೇಳಿ ಮಾಡಿದ್ದು, ಮೋಸ ಅಲ್ಲ. ಆದರೂ ಅದು ಲಾಟರಿಯೇ ಅಲ್ವಾ? ಆ ಪೆಂಟಿಯಮ್ ಬೇರೆಯವರ ಯಂತ್ರಕ್ಕಿಂತ ಜಾಸ್ತಿ ದುಡಿದಿರಲಿಲ್ಲ. ಅದರ ಪಾಲಿಗೆ ಬಂದ ಕಟ್ಟಿನಲ್ಲಿ ಕೀಲಿಕೈ ಇತ್ತು, ಅಷ್ಟೇ.

ಇನ್ನೊಂದು ರೀತಿ ನೋಡಿ. ಡಿಸ್ಟ್ರಿಬ್ಯೂಟೆಡ್ ಡಾಟ್ ನೆಟ್ ಎಂಬ ಗುಂಪು ಆರ್‌ಸಿ5 ಅಂತ ಬೇರೊಂದು ಬೀಗಕ್ಕೆ ಕೈಹಾಕಿತು. ಅದಕ್ಕೂ ಅದೇ ಕಂಪನಿ 10,000 ಡಾಲರ್ ಇಟ್ಟಿತ್ತು. 56 ಬಿಟ್‌ನದ್ದು 1997ರ ಅಕ್ಟೋಬರ್‌ನಲ್ಲಿ, 250 ದಿನಕ್ಕೆ ತೆರೆಯಿತು. ಆಮೇಲೆ 64 ಬಿಟ್‌ನದ್ದು. 8 ಬಿಟ್ ಜಾಸ್ತಿ ಅಂದರೆ ಕೆಲಸ 256 ಪಟ್ಟು. ಅದಕ್ಕೆ 1,757 ದಿನ ಹಿಡಿಯಿತು, ಸೇರಿದವರು 3,31,252 ಜನ. 2002ರ ಜುಲೈ 14ಕ್ಕೆ ಟೋಕಿಯೊದ ಒಂದು 450 ಮೆಗಾಹರ್ಟ್ಸ್ ಪೆಂಟಿಯಮ್ 3 ಸರಿಯಾದ ಕೀಲಿಕೈ ಕಳಿಸಿತು. ಅದನ್ನು ಗಮನಿಸಬೇಕಾದ ಪ್ರೋಗ್ರಾಮ್ ಕೆಟ್ಟಿದ್ದರಿಂದ ಆಗಸ್ಟ್ 12ರವರೆಗೆ ಯಾರಿಗೂ ಗೊತ್ತೇ ಆಗಲಿಲ್ಲ. ಆ ತಿಂಗಳ ಪೂರ್ತಿ ಜನ ಸುಮ್ನೆ ಹುಡುಕುತ್ತಲೇ ಇದ್ದರು.

ಇಲ್ಲಿನ ಹಂಚಿಕೆಯ ನಿಯಮವನ್ನು ಮೊದಲೇ ಬರೆದಿಟ್ಟಿದ್ದರು. 10,000 ಡಾಲರ್‌ನಲ್ಲಿ 1,000 ಕೀಲಿಕೈ ಸಿಕ್ಕವರಿಗೆ, 1,000 ಅವರ ತಂಡಕ್ಕೆ, 2,000 ಇಡೀ ವ್ಯವಸ್ಥೆ ನಡೆಸಿದ ಸಂಸ್ಥೆಗೆ. ಉಳಿದ 6,000 ಲಾಭಕ್ಕೆ ಕೆಲಸ ಮಾಡದ ಒಂದು ಸಂಸ್ಥೆಗೆ. ಯಾವ ಸಂಸ್ಥೆ ಅಂತ ಆರಿಸುವುದು ಕೆಲಸ ಮಾಡಿದ ಜನರೇ, ಮತ ಹಾಕಿ.

ಎಲ್ಲರಿಗೂ ಸಮ ಹಂಚಬಹುದಿತ್ತಲ್ಲ ಅಂತ ಕೇಳಬಹುದು. ಭಾಗಿಸಿ ನೋಡಿ. ತಲಾ 3 ಸೆಂಟ್. ಆಗಿನ ಲೆಕ್ಕದಲ್ಲಿ ಒಂದೂವರೆ ರೂಪಾಯಿ. ಅದನ್ನು ಕಳಿಸಲು ಅಂಚೆ ಖರ್ಚೇ ಅದಕ್ಕಿಂತ ಜಾಸ್ತಿ. ನಾಲ್ಕು ವರ್ಷ ದುಡಿದವನ ಕೈಗೆ ಒಂದೂವರೆ ರೂಪಾಯಿ ಇಡುವುದಕ್ಕಿಂತ, ಈ 6,000 ಯಾರಿಗೆ ಹೋಗಬೇಕು ಅಂತ ಹೇಳುವ ಹಕ್ಕು ಕೊಡುವುದು ನನಗಂತೂ ದೊಡ್ಡ ಗೌರವ ಅನ್ನಿಸುತ್ತದೆ.

ನಾನು ಕಾರವಾರದವನು, ನನಗೆ ಇದು ರಂಪಣಿ ಬಲೆಯ ಲೆಕ್ಕದಂತೆ ಕಾಣುತ್ತದೆ. ಶಿರಸಿ ಕಡೆಯವರು ನೋಡಿರಲಿಕ್ಕಿಲ್ಲ, ಹೇಳುತ್ತೇನೆ. ದೋಣಿಯಲ್ಲಿ ಬಲೆ ಒಯ್ದು ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಎರಡು ತುದಿಯ ಹಗ್ಗ ದಡದ ಮೇಲೆ. ಎರಡೂ ಕಡೆ ಸಾಲಾಗಿ ನಿಂತು ಎಳೆಯುತ್ತಾರೆ, ಹಗ್ಗ ಸೊಂಟಕ್ಕೆ ತಾಗಿಸಿ, ಹಿಮ್ಮಡಿ ಮರಳಲ್ಲಿ ಊರಿ, ಹಿಂದೆ ಹಿಂದೆ ನಡೆಯುತ್ತಾ. ಸಾಲಿನ ತುದಿ ಮುಟ್ಟಿದವನು ಹಗ್ಗ ಬಿಟ್ಟು ಮತ್ತೆ ನೀರಿನ ಹತ್ತಿರ ಓಡಿ ಬರುತ್ತಾನೆ. ಕೊನೆಗೆ ಬಲೆಯ ಹೊಟ್ಟೆ ದಡಕ್ಕೆ ಬಂದಾಗ ಬಂಗಡೆಯೋ ತಾರ್ಲೆಯೋ ಬೆಳ್ಳಗೆ ಒದ್ದಾಡುತ್ತಿರುತ್ತವೆ. ಆಗ ಮೀನಿಗೆ ಹತ್ತಿರ ಯಾರ ಕೈ ಇತ್ತು ಅಂತ ಯಾರೂ ಕೇಳುವುದಿಲ್ಲ. ಬಲೆಗೆ, ದೋಣಿಗೆ ಇಷ್ಟು ಪಾಲು, ಎಳೆದವರಿಗೆ ಇಷ್ಟು ಪಾಲು. ಹಾದಿಯಲ್ಲಿ ಹೋಗುತ್ತಿದ್ದ ಹುಡುಗ ಬಂದು ಎಳೆದರೆ ಅವನಿಗೂ ಒಂದು ಬೊಗಸೆ.

ಕೀಲಿಕೈ ಹುಡುಕುವುದೂ ಹಾಗೇ. ಖಾಲಿ ಕಟ್ಟು ನೋಡಿದವನ ಕೆಲಸ ದಂಡ ಅಲ್ಲ. 'ಇಲ್ಲಿ ಇಲ್ಲ' ಅಂತ ಅವನು ಖಚಿತ ಮಾಡಿದ್ದರಿಂದಲೇ ಬೇರೆಯವರು ಅಲ್ಲಿ ನೋಡದೆ ಮುಂದೆ ಹೋಗಿದ್ದು. ಆದ್ದರಿಂದ ನಿಮ್ಮ ಜಗಳದಲ್ಲಿ, ಎಳೆದವರೆಲ್ಲರಿಗೂ ಲೆಕ್ಕ ಸಿಗಬೇಕು ಅಂದವರ ಕಡೆ ನಾನು.

ಪ್ರಶ್ನೆ: ನೀವು ಇದರಲ್ಲಿ ಸೇರಿದ್ರಾ? ಆಗ ನಮ್ಮ ಕಡೆ ಇಂಟರ್ನೆಟ್ ಎಲ್ಲಿತ್ತು?
– ಓದುಗರು, ಅಂಕೋಲಾ

ಉತ್ತರ: ಸೇರಿದ್ದೆ. 2000ನೇ ಇಸವಿಯಿಂದ, ಆ 64 ಬಿಟ್ ಬೀಗಕ್ಕೆ. ಡಯಲ್-ಅಪ್ ಇತ್ತು, ಫೋನ್ ಬಿಲ್ ಹೆದರಿಕೆ ಇತ್ತು. ಆದರೆ ಆ ಪ್ರೋಗ್ರಾಮ್‌ಗೆ ಯಾವಾಗಲೂ ಇಂಟರ್ನೆಟ್ ಬೇಕಾಗಿರಲಿಲ್ಲ. ವಾರಕ್ಕೊಮ್ಮೆ ಕನೆಕ್ಟ್ ಮಾಡಿ ಒಂದು ರಾಶಿ ಕಟ್ಟು ಇಳಿಸಿಕೊಂಡು 'ಒಳಗೆ ಬಂದದ್ದು' ಅಂತ ಒಂದು ಫೈಲಿನಲ್ಲಿ ಇಡುತ್ತಿತ್ತು. ಮುಗಿದದ್ದನ್ನು 'ಹೊರಗೆ ಹೋಗುವುದು' ಅಂತ ಇನ್ನೊಂದರಲ್ಲಿ ಕೂಡಿಡುತ್ತಿತ್ತು. ಚಿಕ್ಕ ಕಟ್ಟು ಅಂದರೆ 26 ಕೋಟಿ 84 ಲಕ್ಷ ಕೀಲಿಕೈ. ನನ್ನ ಯಂತ್ರ ಸೆಕೆಂಡಿಗೆ ಹತ್ತು ಲಕ್ಷದಷ್ಟು ನೋಡುತ್ತಿತ್ತು, ಒಂದು ಕಟ್ಟಿಗೆ ನಾಲ್ಕೂವರೆ ನಿಮಿಷ.

ಒಂದು ಜೂನ್ ರಾತ್ರಿ ಸಿಡಿಲು ಫೋನ್ ಲೈನಿನಿಂದಲೇ ಒಳಗೆ ಬಂತು. ಮೋಡೆಮ್ ಸುಟ್ಟು ಕರ್ರಗಾಗಿತ್ತು, ಕೋಣೆ ತುಂಬಾ ಸುಟ್ಟ ವಾಸನೆ. ಡಿಸ್ಕ್ ಉಳಿದಿತ್ತು. ಹನ್ನೆರಡು ದಿನದ ಕೆಲಸ ಅದರಲ್ಲಿತ್ತು. ಆ ಫೈಲನ್ನು ಫ್ಲಾಪಿಗೆ ಹಾಕಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಒಳಗಿಟ್ಟುಕೊಂಡು, ಮಳೆಯಲ್ಲಿ ಸೈಕಲ್ ತುಳಿದು ಗೆಳೆಯನ ಮನೆಗೆ ಹೋಗಿ ಅಲ್ಲಿಂದ ಕಳಿಸಿದೆ. ಮರುದಿನ ಅಂಕಿಅಂಶದಲ್ಲಿ ನನ್ನ ಹೆಸರಿನ ಮುಂದೆ ಆ ಕಟ್ಟುಗಳೆಲ್ಲ ಏರಿದ್ದವು. ಬಹುಮಾನದ ನೆನಪೇ ಆಗ ಇರಲಿಲ್ಲ. ಮಾಡಿದ ಕೆಲಸ ಲೆಕ್ಕಕ್ಕೆ ಬಂತಲ್ಲ ಅಂತ ಸಮಾಧಾನ.

ಪ್ರಶ್ನೆ: ಬೀಗ ಒಡೆಯುವುದನ್ನು ನೀವು ಒಳ್ಳೆಯ ಕೆಲಸ ಅನ್ನುವ ಹಾಗೆ ಬರೆಯುತ್ತೀರಿ. ಮಕ್ಕಳಿಗೆ ಏನು ಹೇಳಲಿ?
– ಹೈಸ್ಕೂಲ್ ಶಿಕ್ಷಕಿ, ಕುಮಟಾ

ಉತ್ತರ: ಯಾರ ಬೀಗ, ಯಾರು ಒಡೆಯಲು ಹೇಳಿದರು, ಈ ಎರಡು ಕೇಳಲು ಹೇಳಿಕೊಡಿ ಮೇಡಂ. ಇಲ್ಲಿ ಬೀಗ ಮಾರುವ ಕಂಪನಿಯೇ ಸಂದೇಶ ಬರೆದು, ಬೀಗ ಹಾಕಿ, ಒಡೆಯಿರಿ ಅಂದಿತ್ತು. ಒಳಗೆ ಯಾರ ಗುಟ್ಟೂ ಇರಲಿಲ್ಲ. ಡಿಇಎಸ್ ಸ್ಪರ್ಧೆಯ ಸಂದೇಶ ತೆರೆದಾಗ ಸಿಕ್ಕಿದ್ದು ಇಷ್ಟೇ: ಗಟ್ಟಿ ಗೂಢಲಿಪಿ ಇದ್ದರೆ ಜಗತ್ತು ಹೆಚ್ಚು ಸುರಕ್ಷಿತ.

ಆಗ ಅಮೆರಿಕ ಗಟ್ಟಿ ಎನ್‌ಕ್ರಿಪ್ಶನ್ ಹೊರದೇಶಕ್ಕೆ ಹೋಗದಂತೆ ಕಾನೂನು ಹಾಕಿತ್ತು. ಅದೇ ಕಾರಣಕ್ಕೆ ಡೆಸ್‌ಚಾಲ್‌ನಲ್ಲಿ ಅಮೆರಿಕ, ಕೆನಡಾ ಬಿಟ್ಟು ಬೇರೆಯವರಿಗೆ ಸೇರಲು ಆಗಲಿಲ್ಲ. 56 ಬಿಟ್ ಸಾಕು ಅಂತ ದೊಡ್ಡವರು ಹೇಳುತ್ತಿದ್ದರು. ಸಾಲದು ಅಂತ ಸಾಮಾನ್ಯ ಜನ ತೋರಿಸಿದರು. 1998ರ ಜುಲೈನಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆ ಎರಡೂವರೆ ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ಒಂದು ಯಂತ್ರವನ್ನೇ ಕಟ್ಟಿ 56 ಗಂಟೆಯಲ್ಲಿ ಡಿಇಎಸ್ ತೆರೆಯಿತು. 1999ರ ಜನವರಿಯಲ್ಲಿ ಆ ಯಂತ್ರ ಮತ್ತು ಸುಮಾರು ಒಂದು ಲಕ್ಷ ಕಂಪ್ಯೂಟರ್ ಸೇರಿ 22 ಗಂಟೆ 15 ನಿಮಿಷಕ್ಕೆ ಮುಗಿಸಿದವು. 2001ರಲ್ಲಿ ಡಿಇಎಸ್ ಜಾಗಕ್ಕೆ ಎಇಎಸ್ ಎಂಬ ಹೊಸ ಬೀಗ ಬಂತು, ಕೀಲಿಕೈ ಕನಿಷ್ಠ 128 ಬಿಟ್. ಇವತ್ತು ನಿಮ್ಮ ಫೋನು, ಬ್ಯಾಂಕು ಅದರ ಮೇಲೇ ನಿಂತಿವೆ.

ಮಕ್ಕಳಿಗೆ ಇತಿಹಾಸ ಇಷ್ಟವಾದರೆ ಇನ್ನೊಂದು ಹೇಳಿ. 1942ರ ಜರ್ಮನ್ ನೌಕಾಪಡೆಯ ಮೂರು ಸಂದೇಶ, ಎನಿಗ್ಮಾ ಎಂಬ ಗೂಢಲಿಪಿ ಯಂತ್ರದಿಂದ ಬೀಗ ಹಾಕಿದ್ದು, ಯಾರೂ ಓದದೆ ಉಳಿದಿದ್ದವು. 2006ರಲ್ಲಿ ಜನ ತಮ್ಮ ಮನೆ ಕಂಪ್ಯೂಟರ್ ಕೊಟ್ಟು ಅದರಲ್ಲಿ ಎರಡನ್ನು ತೆರೆದರು. ಬಹುಮಾನ ಇರಲಿಲ್ಲ.

ಪ್ರಶ್ನೆ: ನನ್ನದು ಸಣ್ಣ ಝೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ. ಮೊಬೈಲಿಗೆ ಒಬ್ಬರು ಮೆಸೇಜ್ ಮಾಡಿದ್ದಾರೆ. ಅವರ ಸಾಫ್ಟ್‌ವೇರ್ ಹಾಕಿಕೊಂಡು ರಾತ್ರಿ ಕಂಪ್ಯೂಟರ್ ಚಾಲೂ ಇಟ್ಟರೆ, ಬ್ಯಾಂಕಿನವರು ಬಳಸುವ ಎನ್‌ಕ್ರಿಪ್ಶನ್ ಒಡೆಯುವ ಸಂಶೋಧನೆಗೆ ಸಹಾಯ ಆಗುತ್ತದಂತೆ, ತಿಂಗಳಿಗೆ 8,000 ರೂಪಾಯಿ ಕೊಡುತ್ತಾರಂತೆ. ಮೊದಲು 1,500 ನೋಂದಣಿ ಕಟ್ಟಬೇಕು. ಕಟ್ಟಲಾ?
– ಅಂಗಡಿಯವರು, ಹೊನ್ನಾವರ

ಉತ್ತರ: ಕಟ್ಟಬೇಡಿ. ದಯವಿಟ್ಟು ಕಟ್ಟಬೇಡಿ. ಈ ಪತ್ರ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಯಾಕೆಂದರೆ ನಿಮ್ಮಂತೆ ಎಷ್ಟು ಜನರಿಗೆ ಅದೇ ಮೆಸೇಜ್ ಹೋಗಿದೆಯೋ.

ಲೆಕ್ಕ ಹಾಕೋಣ. 1999ರ ಆ ದಾಖಲೆಯ ದಿನ ಎಲ್ಲ ಯಂತ್ರ ಸೇರಿ ಸೆಕೆಂಡಿಗೆ 24,500 ಕೋಟಿ ಕೀಲಿಕೈ ನೋಡುತ್ತಿದ್ದವು. ಅದೇ ವೇಗದಲ್ಲಿ ಬ್ಯಾಂಕಿನವರು ಬಳಸುವ ಬೀಗದ 128 ಬಿಟ್‌ನ ಎಲ್ಲ ಕೀಲಿಕೈ ನೋಡಲು ವಿಶ್ವದ ಈಗಿನ ವಯಸ್ಸಿನ 300 ಕೋಟಿ ಪಟ್ಟಿಗಿಂತ ಜಾಸ್ತಿ ಸಮಯ ಬೇಕು. ಈಗಿನ ಯಂತ್ರಗಳು ಲಕ್ಷ ಪಟ್ಟು ವೇಗ ಅಂತಲೇ ಇಟ್ಟುಕೊಳ್ಳಿ. ಆಗಲೂ 30,000 ಪಟ್ಟು. ನಿಮ್ಮ ಅಂಗಡಿಯ ಎರಡು ಕಂಪ್ಯೂಟರ್ ಸೇರಿದರೆ ಅದು ಮುಗಿಯುತ್ತದೆ ಅನ್ನುವವನು ಸುಳ್ಳು ಹೇಳುತ್ತಿದ್ದಾನೆ.

ಹಾಗಾದರೆ ಆ ಸಾಫ್ಟ್‌ವೇರ್ ಏನು ಮಾಡಬಹುದು? ನಿಮ್ಮ ಕರೆಂಟಿನಲ್ಲಿ ಅವನಿಗೆ ಕ್ರಿಪ್ಟೋ ಹಣ ಹುಟ್ಟಿಸಬಹುದು. ಎಲ್ಲಿಂದಲೋ ಕದ್ದ ಪಾಸ್‌ವರ್ಡ್ ಪಟ್ಟಿಯನ್ನು ಊಹಿಸಿ ಬಿಡಿಸಬಹುದು. ಒಡೆಯುವುದರಲ್ಲಿ ಇದು ಮಾತ್ರ ನಿಜವಾಗಿ ಆಗುವ ಕೆಲಸ, ಯಾಕೆಂದರೆ ಬೀಗ ಗಟ್ಟಿ ಇದ್ದರೂ ಜನ ಇಡುವ ಪಾಸ್‌ವರ್ಡ್ ಮೆದು. ಇನ್ನೂ ಕೆಟ್ಟದ್ದೆಂದರೆ, ನಿಮ್ಮ ಅಂಗಡಿಗೆ ಬಂದು ಆಧಾರ್ ಪ್ರಿಂಟ್ ತೆಗೆಸುವವರ ಫೈಲುಗಳನ್ನೇ ಹೊರಗೆ ಸಾಗಿಸಬಹುದು. ಐಟಿ ಕಾಯ್ದೆ 2000ರ 43 ಮತ್ತು 66ನೇ ಕಲಂ ಪ್ರಕಾರ, ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರಿಗೆ ನುಗ್ಗುವುದಷ್ಟೇ ಅಲ್ಲ, ಗೊತ್ತಿದ್ದೂ ಮೋಸದಿಂದ ನುಗ್ಗುವವರಿಗೆ ನೆರವಾಗುವುದೂ ಅಪರಾಧ. ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪೊಲೀಸರು ಬಂದರೆ ಮೊದಲು ಬರುವುದು ನಿಮ್ಮ ಅಂಗಡಿಗೆ, ಮೆಸೇಜ್ ಮಾಡಿದವನು ಎಲ್ಲಿರುತ್ತಾನೋ.

ನಿಜವಾದ ಯೋಜನೆ ಸೇರುವವರಿಂದ ಯಾವತ್ತೂ ಹಣ ಕೇಳುವುದಿಲ್ಲ. ತಿಂಗಳ ಸಂಬಳದ ಆಸೆಯನ್ನೂ ತೋರಿಸುವುದಿಲ್ಲ. ಯಾವ ಬೀಗ, ಯಾರು ಇಟ್ಟದ್ದು, ಬಹುಮಾನ ಹೇಗೆ ಹಂಚುತ್ತಾರೆ, ಎಲ್ಲ ಬಹಿರಂಗ ಇರುತ್ತದೆ. ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಈಗಾಗಲೇ ಹಣ ಹಾಕಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾನು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ರಾತ್ರಿ 40 ಕಂಪ್ಯೂಟರ್ ಸುಮ್ನೆ ಕೂತಿರುತ್ತವೆ. ಹೀಗೆ ಏನಾದರೂ ಒಳ್ಳೆಯ ಯೋಜನೆಗೆ ಹಾಕಿದರೆ ತಪ್ಪಾ?
– ಲ್ಯಾಬ್ ಸಹಾಯಕ, ಕಾರವಾರ

ಉತ್ತರ: ಮನಸ್ಸು ಒಳ್ಳೆಯದು, ಆದರೆ ಯಂತ್ರ ನಿಮ್ಮದಲ್ಲ. ಪ್ರಿನ್ಸಿಪಾಲರ ಬರಹದ ಒಪ್ಪಿಗೆ ಇಲ್ಲದೆ ಒಂದರಲ್ಲೂ ಹಾಕಬೇಡಿ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಒಂದು ಕಾಲೇಜಿನ ಕಂಪ್ಯೂಟರ್ ನೋಡಿಕೊಳ್ಳುವವರು 1999ರಲ್ಲಿ ಇದನ್ನೇ ಮಾಡಿದರು. ಅದೇ ಆರ್‌ಸಿ5 ಪ್ರೋಗ್ರಾಮನ್ನು ಕಾಲೇಜಿನ ಯಂತ್ರಗಳಲ್ಲಿ ಹಾಕಿದರು. ಸರ್ಕಾರ ಕೇಸ್ ಹಾಕಿತು. ಇಂಟರ್ನೆಟ್ ಬಳಕೆಗೆ ಸೆಕೆಂಡಿಗೆ 59 ಸೆಂಟ್ ಅಂತ ಲೆಕ್ಕ ಹಿಡಿದು ನಾಲ್ಕು ಲಕ್ಷ ಡಾಲರ್ ದಾಟಿಸಿದ್ದರು. ಜೈಲಿನ ಹೆದರಿಕೆಯೂ ಇತ್ತು. 2002ರ ಜನವರಿಯಲ್ಲಿ ರಾಜಿ ಆಯ್ತು: ಒಂದು ವರ್ಷ ಪ್ರೊಬೇಶನ್ (ಜೈಲಿನ ಬದಲು ನಿಗಾ), 2,100 ಡಾಲರ್, 80 ಗಂಟೆ ಸಮಾಜ ಸೇವೆ. ಆ ಶಿಕ್ಷೆ ಜಾಸ್ತಿಯಾಯ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಒಂದು ಪತ್ರ ಕೊಟ್ಟು ಕೇಳಿದ್ದರೆ ಅದ್ಯಾವುದೂ ಆಗುತ್ತಿರಲಿಲ್ಲ.

ಒಪ್ಪಿಗೆ ಕೇಳುವಾಗ ಖರ್ಚನ್ನೂ ಹೇಳಿ. ಪೂರ್ತಿ ದುಡಿಯುವ ಯಂತ್ರ ಸುಮ್ಮನಿರುವ ಯಂತ್ರಕ್ಕಿಂತ 60 ವ್ಯಾಟ್ ಜಾಸ್ತಿ ಎಳೆಯುತ್ತದೆ ಅಂತ ಹಿಡಿಯಿರಿ. 40 ಯಂತ್ರ, ರಾತ್ರಿ 10 ಗಂಟೆ, ಅಂದರೆ ದಿನಕ್ಕೆ 24 ಯೂನಿಟ್, ತಿಂಗಳಿಗೆ 720. ಯೂನಿಟ್‌ಗೆ 8 ರೂಪಾಯಿ ಅಂದರೆ 5,760 ರೂಪಾಯಿ. ನಮ್ಮ ಉಪ್ಪುಗಾಳಿಯಲ್ಲಿ ಫ್ಯಾನು, ಬೋರ್ಡು ಬೇಗ ಹಾಳಾಗುವುದು ಬೇರೆ. ಐದು ಯಂತ್ರದಿಂದ ಶುರು ಮಾಡಿ, ವಿದ್ಯಾರ್ಥಿಗಳ ಹೆಸರಿನಲ್ಲಿ ತಂಡ ಕಟ್ಟಿ.

ಪ್ರಶ್ನೆ: ಮಾಡದ ಕೆಲಸ ಮಾಡಿದೆ ಅಂತ ಸುಳ್ಳು ಲೆಕ್ಕ ಕಳಿಸಿದರೆ? ಅಡಿಕೆ ಸುಲಿದದ್ದನ್ನಾದರೆ ತೂಕ ಹಾಕಬಹುದು.
– ತೋಟಗಾರರು, ಶಿರಸಿ ಹತ್ತಿರದ ಹಳ್ಳಿ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಇಲ್ಲೂ ತೂಕ ಹಾಕುವ ದಾರಿ ಹುಡುಕಿದ್ದಾರೆ. ಒಂದು, ಅದೇ ಕೆಲಸ ಇಬ್ಬರಿಗೆ ಕೊಟ್ಟು ಉತ್ತರ ತಾಳೆ ನೋಡುವುದು. ಮನೆ ಕಂಪ್ಯೂಟರ್‌ಗಳಿಗೆ ಕೆಲಸ ಹಂಚುವ ಬೋಯಿಂಕ್ ಎಂಬ ವ್ಯವಸ್ಥೆಯ ಹಲವು ಯೋಜನೆಗಳು ಹೀಗೆ ಮಾಡುತ್ತವೆ, ಇಬ್ಬರದ್ದೂ ಹೊಂದಿದರೇ ಅಂಕ. ಆದರೆ ಇದರಲ್ಲಿ ಅರ್ಧ ಶಕ್ತಿ ಪರೀಕ್ಷೆಗೇ ಹೋಗುತ್ತದೆ. ಇನ್ನೊಂದು ಜಾಣ ದಾರಿ ಇದೆ. ಹುಡುಕುವಾಗ ಪೂರ್ತಿ ಅಲ್ಲದಿದ್ದರೂ ಸ್ವಲ್ಪ ಮಟ್ಟಿಗೆ ಹೊಂದುವ ಕೀಲಿಕೈಗಳು ಅಲ್ಲಲ್ಲಿ ಸಿಗುತ್ತವೆ. ಈ ಕಟ್ಟಿನಲ್ಲಿ ಅಂಥವು ಎಷ್ಟು ಸಿಕ್ಕವು, ಕೊನೆಯದು ಯಾವುದು ಅಂತ ಬರೆದು ಕಳಿಸಬೇಕು. ಕಟ್ಟನ್ನು ನಿಜವಾಗಿ ನೋಡದವನಿಗೆ ಅದು ಗೊತ್ತಾಗುವುದಿಲ್ಲ. ಅಡಿಕೆ ಜೊತೆ ಸಿಪ್ಪೆಯನ್ನೂ ತೋರಿಸು ಅಂದ ಹಾಗೆ. 2002ರ ಡಿಸೆಂಬರ್‌ನಲ್ಲಿ ಶುರುವಾದ 72 ಬಿಟ್‌ನ ಆರ್‌ಸಿ5ರಲ್ಲಿ ಈ ಪರೀಕ್ಷೆ ಇದೆ. ಅದಕ್ಕಿದ್ದ ಬಹುಮಾನವನ್ನು ಆರ್‌ಎಸ್‌ಎ 2007ರಲ್ಲಿ ಹಿಂತೆಗೆದುಕೊಂಡಿತು. ಜನ ಬಿಡಲಿಲ್ಲ, ಆಮೇಲೂ ಹುಡುಕುತ್ತಲೇ ಹೋದರು.

ಪ್ರಶ್ನೆ: ಹಣ ಕೊಡದಿದ್ದರೆ ಜನ ಯಾಕೆ ಸೇರಬೇಕು? ಏನು ಕೊಟ್ಟರೆ ಸರಿ ಅಂತ ನಿಮ್ಮ ಅಭಿಪ್ರಾಯ?
– ನಿವೃತ್ತ ಬ್ಯಾಂಕ್ ನೌಕರರು, ಭಟ್ಕಳ

ಉತ್ತರ: ಹಣ ಇದ್ದರೆ ಕೊಡಲಿ, ಬೇಡ ಅನ್ನುವುದಿಲ್ಲ. ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕುವ ಗಿಂಪ್ಸ್ ಯೋಜನೆ ಕಂಡುಹಿಡಿದವರಿಗೆ 3,000 ಡಾಲರ್ ಕೊಡುತ್ತದೆ. ಆದರೆ ಹಣಕ್ಕಿಂತ ಮೊದಲು ಲೆಕ್ಕ, ಲೆಕ್ಕದ ಜೊತೆ ಹೆಸರು. 2010ರಲ್ಲಿ ಐನ್‌ಸ್ಟೈನ್ ಅಟ್ ಹೋಮ್ ಯೋಜನೆಯಲ್ಲಿ ಒಂದು ಹೊಸ ಪಲ್ಸಾರ್ ನಕ್ಷತ್ರ ಸಿಕ್ಕಿತು. ಅಮೆರಿಕದ ಅಯೋವಾದ ಒಂದು ದಂಪತಿ ಮತ್ತು ಜರ್ಮನಿಯ ಒಬ್ಬರ ಕಂಪ್ಯೂಟರ್‌ಗಳಲ್ಲಿ. ವಿಜ್ಞಾನಿಗಳು ಆ ಮೂವರ ಹೆಸರನ್ನೂ ಹೇಳಿಯೇ ಸುದ್ದಿ ಕೊಟ್ಟರು. ಡಿಸ್ಟ್ರಿಬ್ಯೂಟೆಡ್ ಡಾಟ್ ನೆಟ್‌ನಲ್ಲಿ ಪ್ರತಿಯೊಬ್ಬರ ಕಟ್ಟುಗಳ ಲೆಕ್ಕ ದಿನದಿನ ಎಲ್ಲರಿಗೂ ಕಾಣುವಂತೆ ಇತ್ತು.

ನನ್ನ ಲೆಕ್ಕದ ಒಂದು ಪ್ರಿಂಟ್ ಇನ್ನೂ ಇದೆ, ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ತೆಗೆದದ್ದು, ಅಕ್ಷರ ಮಸುಕಾಗಿದೆ. ಆ ಜೂನ್ ತಿಂಗಳಲ್ಲಿ ಹನ್ನೆರಡು ದಿನ ಸೊನ್ನೆ, ಹದಿಮೂರನೇ ದಿನ ಒಂದೇ ಸಲ ಎತ್ತರದ ಅಂಕಿ. ಫ್ಲಾಪಿ ಕಳಿಸಿದ ದಿನ ಅದು.